ಹೊಗೆಯ ರುಚಿ ನೋಡುವ ನಾಲಗೆ

ಹತ್ತು ಹದಿನೈದು ವರ್ಷ ಓಡಿದ ಪೆಟ್ರೋಲ್ ಕಾರು. ಚಾಲಕನ ಮುಂದಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಗಾಡಿ ಗ್ಯಾರೇಜಿಗೆ ಹೋಗುತ್ತದೆ. ಅಲ್ಲಿ ಅಂಗೈಯಗಲದ ಯಂತ್ರವೊಂದನ್ನು ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದ ಕೂಡಲೇ ಪರದೆಯ ಮೇಲೆ ಒಂದು ಸಂಖ್ಯೆ ಮೂಡುತ್ತದೆ. ‘ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಿಸಬೇಕು’ ಎಂಬ ತೀರ್ಪು ಹೊರಬೀಳುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನು ಹಾಕಿಸಿದ ವಾರದೊಳಗೆ ಅದೇ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಎಲ್ಲ ಊರುಗಳಲ್ಲೂ ಕೇಳಿಬರುವ ಕಥೆ ಇದು.

ಇಲ್ಲಿ ಹಲವು ಸಲ ಆಗುವುದಿಷ್ಟೆ: ಸುದ್ದಿ ತಂದವನನ್ನೇ ಅಪರಾಧಿಯೆಂದು ಹಿಡಿದು ಶಿಕ್ಷಿಸಲಾಗಿರುತ್ತದೆ. ಎಂಜಿನ್‌ನಲ್ಲಿ ಏನೋ ಹದ ತಪ್ಪಿದೆ ಎಂದು ಸೆನ್ಸರ್ ನಿಜವನ್ನೇ ಹೇಳಿದೆ. ಅದನ್ನು ನಾವು, ಸೆನ್ಸರೇ ಕೆಟ್ಟಿದೆ ಎಂದು ಓದಿಕೊಂಡಿದ್ದೇವೆ. ಕೈಬದಲಾದ ಗಾಡಿಯನ್ನು ನಂಬಿ ಬೀದರ್, ಭಾಲ್ಕಿ, ಔರಾದ್‌ಗಳ ನಡುವೆ ಬಾಡಿಗೆ ಹೊಡೆಯುವವನಿಗೆ, ಸಂತೆಗೂ ಆಸ್ಪತ್ರೆಗೂ ಅದೇ ಗಾಡಿ ಹತ್ತಬೇಕಾದ ಕುಟುಂಬಕ್ಕೆ ಈ ಓದಿನ ತಪ್ಪು ತಿಂಗಳ ಉಳಿತಾಯವನ್ನೇ ನುಂಗಬಹುದು. ಹಾಗಾಗಿ ಈ ಸೆನ್ಸರ್ ಎಲ್ಲಿಂದ ಬಂತು, ಅದು ಆಡುವ ಮಾತು ಯಾವುದು, ಅದನ್ನು ಹೇಗೆ ಕೇಳಬೇಕು ಎಂಬುದನ್ನು ತಿಳಿಯುವುದು ಮಿಸ್ತ್ರಿಗಳಿಗೆ ಮಾತ್ರ ಬಿಟ್ಟ ಕೆಲಸವಲ್ಲ.

ಬಾವಿಗೆ ಇಳಿಸಿದ ದೀಪ

ಗಾಳಿಯಲ್ಲಿ ಆಮ್ಲಜನಕ ಸಾಕಷ್ಟಿದೆಯೇ ಎಂದು ಪರೀಕ್ಷಿಸುವ ಅಗತ್ಯ ಮೋಟಾರು ಹುಟ್ಟುವುದಕ್ಕೆ ಬಹಳ ಹಿಂದಿನದು. ಬೀದರ್‌ನ ನೌಬಾದ್ ಬಳಿ ನೆಲದಡಿ ಸಾಗುವ ಸುರಂಗ ಬಾವಿಯನ್ನು, ಅಂದರೆ ಕರೇಜ್ ಎನ್ನುವ ನೀರಿನ ಕಾಲುವೆಯನ್ನು, ಹದಿನೈದನೆಯ ಶತಮಾನದ ಬಹಮನಿ ಸುಲ್ತಾನರ ಕಾಲದಲ್ಲಿ ಮುರಕಲ್ಲು ಕೊರೆದು ಮಾಡಿದರು. ಅದರ ಉದ್ದಕ್ಕೂ ಅಲ್ಲಲ್ಲಿ ನೆಲದ ಮೇಲಿನಿಂದ ನೇರವಾಗಿ ಇಳಿಯುವ ಕಿಂಡಿಗಳಿವೆ. ಕೊರೆದ ಮಣ್ಣನ್ನು ಮೇಲೆತ್ತಲು, ಬೆಳಕಿಗೆ, ಜತೆಗೆ ಒಳಗೆ ದುಡಿಯುವವರ ಉಸಿರಿಗೆ ಇಂಥ ಕಿಂಡಿಗಳು ಬೇಕಾಗುತ್ತಿದ್ದವು.

ಬಹುಕಾಲ ಮುಚ್ಚಿದ ಬಾವಿಗೆ ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇದೆ. ದೀಪ ನಂದಿದರೆ ಯಾರೂ ಇಳಿಯುವುದಿಲ್ಲ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು ಶೇ 21. ಅದು ಸುಮಾರು ಶೇ 16ಕ್ಕೆ ಇಳಿದಾಗ ದೀಪ ಆರುತ್ತದೆ. ಆ ದೀಪವೇ ಮನುಷ್ಯನ ಮೊದಲ ಆಕ್ಸಿಜನ್ ಸೆನ್ಸರ್ ಎನ್ನಲು ಅಡ್ಡಿಯಿಲ್ಲ. ಅದಕ್ಕೊಂದು ಮಿತಿಯೂ ಇತ್ತು. ಅದು ಆಮ್ಲಜನಕದ ಕೊರತೆಯನ್ನು ಹೇಳುತ್ತಿತ್ತೇ ಹೊರತು ಕಾರಣವನ್ನು ಹೇಳುತ್ತಿರಲಿಲ್ಲ. ಕಾರ್ಬನ್ ಮಾನಾಕ್ಸೈಡ್‌ನಂಥ ವಿಷಾನಿಲ ಸುಳಿದಾಡುತ್ತಿದ್ದರೂ ದೀಪ ಉರಿಯುತ್ತಲೇ ಇರಬಹುದಿತ್ತು. ಸೂಚನೆ ಬೇರೆ, ಕಾರಣ ಬೇರೆ ಎಂಬ ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕಾರಿನ ಮಾತಿಗೆ ಬಂದಾಗ ಅದು ಮತ್ತೆ ಬೇಕಾಗುತ್ತದೆ.

ದೀಪವನ್ನು ಉರಿಸುವ ಈ ವಾಯುವನ್ನು ಇಂಗ್ಲೆಂಡಿನ ಪ್ರೀಸ್ಟ್ಲಿ 1774ರಲ್ಲಿ ಬೇರ್ಪಡಿಸಿದ. ಅದಕ್ಕೆ ಸ್ವಲ್ಪ ಮೊದಲೇ ಸ್ವೀಡನ್ನಿನ ಶೀಲೆಯೂ ಅದನ್ನು ಕಂಡಿದ್ದ. ಹೆಸರಿಟ್ಟವನು ಫ್ರಾನ್ಸಿನ ಲವಾಸಿಯೆ. ಆಮ್ಲಗಳೆಲ್ಲಕ್ಕೂ ಇದೇ ಮೂಲ ಎಂದು ನಂಬಿದ್ದ ಆತ ಗ್ರೀಕ್ ಪದಗಳನ್ನು ಜೋಡಿಸಿ ‘ಆಮ್ಲವನ್ನು ಹುಟ್ಟಿಸುವುದು’ ಎಂಬ ಅರ್ಥದ ಹೆಸರು ಕೊಟ್ಟ. ಆ ನಂಬಿಕೆ ತಪ್ಪೆಂದು ಮುಂದೆ ಸಿದ್ಧವಾಯಿತು. ಆದರೆ ಹೆಸರು ಉಳಿಯಿತು. ಅದರ ನೇರ ಅನುವಾದವೇ ನಮ್ಮ ‘ಆಮ್ಲಜನಕ’.

ಪ್ಲಗ್ಗಿನ ಬಣ್ಣ ಓದುತ್ತಿದ್ದ ಕಾಲ

ಮೋಟಾರಿಗೂ ಆಮ್ಲಜನಕಕ್ಕೂ ಇರುವ ನಂಟು ಲೆಕ್ಕದ್ದು. ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ ಒಂಬತ್ತು ಸಾವಿರ ಲೀಟರ್ ಗಾಳಿ ಎಂದಾಯಿತು. ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾದರೆ ಮಿಶ್ರಣ ದಟ್ಟ. ಹೊಗೆ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ. ಗಾಳಿ ಹೆಚ್ಚಾದರೆ ಮಿಶ್ರಣ ತೆಳು. ಎಂಜಿನ್ ಬಿಸಿಯೇರುತ್ತದೆ, ಜಗ್ಗುತ್ತದೆ.

ಈ ಹದವನ್ನು ಕಾಯುತ್ತಿದ್ದುದು ಕಾರ್ಬ್ಯುರೇಟರ್. ಒಮ್ಮೆ ತಿರುಪು ತಿರುಗಿಸಿ ಹೊಂದಿಸಿದರೆ ಅದು ಅದೇ ಲೆಕ್ಕದಲ್ಲಿ ಪೆಟ್ರೋಲ್ ಬಿಡುತ್ತಿತ್ತು. ತಾನಿರುವ ಊರು ಯಾವುದು, ಹವೆ ಹೇಗಿದೆ ಎಂಬುದು ಅದಕ್ಕೆ ತಿಳಿಯದು. ಬೀದರ್ ನಗರ ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದ ಮುರಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿ ಇರುವುದಕ್ಕಿಂತ ಸುಮಾರು ಶೇ 7ರಿಂದ 8ರಷ್ಟು ಕಡಿಮೆ. ಮೇ ತಿಂಗಳ ಬಿಸಿಲಿಗೆ ಗಾಳಿ ಇನ್ನಷ್ಟು ತೆಳುವಾಗುತ್ತದೆ. ಕರಾವಳಿಯ ಊರಿನಲ್ಲಿ ಹದ ಮಾಡಿದ ಗಾಡಿ ಇಲ್ಲಿಗೆ ಬಂದರೆ ಕೊಂಚ ದಟ್ಟ ಮಿಶ್ರಣವನ್ನೇ ಉರಿಸಬೇಕು.

ಬೀದರ್ ಜಿಲ್ಲೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನದ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ 27 ಬಸ್ಸುಗಳೊಂದಿಗೆ ಆರಂಭವಾದದ್ದು 1932ರಲ್ಲಿ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತ ಬದಲಾದರೂ ಎಂಜಿನ್ ನೋಡುವ ರೀತಿ ಬದಲಾಗಲಿಲ್ಲ. ಮಿಸ್ತ್ರಿಯ ಕಣ್ಣು, ಕಿವಿ, ಮೂಗುಗಳೇ ಉಪಕರಣ. ಪೆಟ್ರೋಲ್ ಗಾಡಿಯ ಪ್ಲಗ್ ಬಿಚ್ಚಿ ತುದಿ ನೋಡುತ್ತಿದ್ದರು. ಚಹಾದ ಕಂದು ಬಣ್ಣವಿದ್ದರೆ ಹದ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು. ಸೈಲೆನ್ಸರಿನ ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ ಎಂದು ಅರ್ಥ. ಇದು ಅಂದಾಜಲ್ಲ, ಶಿಸ್ತುಬದ್ಧ ಓದು.

ಇಂಥ ಓದು ಬೀದರ್‌ಗೆ ಹೊಸದೂ ಅಲ್ಲ. ಬಿದ್ರಿ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿದ ಮೇಲೆ ಅದನ್ನು ಕಪ್ಪಾಗಿಸಲು ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜತೆ ನೀರಿನಲ್ಲಿ ಕಾಯಿಸಿ ಬಳಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಯಾವ ಮಣ್ಣು ಈ ಕೆಲಸಕ್ಕೆ ಆದೀತು ಎಂಬುದನ್ನು ಅವರು ನಾಲಗೆಗೆ ಮುಟ್ಟಿಸಿ ರುಚಿಯಿಂದ ತಿಳಿಯುತ್ತಾರೆ. ರಾಸಾಯನಿಕ ಗುಣವೊಂದನ್ನು ದೇಹದ ಇಂದ್ರಿಯದಿಂದಲೇ ಅಳೆಯುವ ವಿದ್ಯೆ ಅದು. ಮೋಟಾರಿನ ಹೊಗೆಯೊಳಗೆ ಇಡಬಲ್ಲ ಇಂಥದೊಂದು ನಾಲಗೆಗಾಗಿ ಎಂಜಿನಿಯರುಗಳು 1970ರ ದಶಕದವರೆಗೆ ಕಾಯಬೇಕಾಯಿತು.

ಜರ್ಮನಿಯ ದೀಪ, ಸ್ವೀಡನ್ನಿನ ಕಾರು

ಆ ನಾಲಗೆಯ ಮೂಲವೂ ಒಂದು ದೀಪದಲ್ಲೇ ಇರುವುದು ಸೋಜಿಗ. ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಥರ್ ನರ್ನ್‌ಸ್ಟ್ ಎಂಬ ವಿಜ್ಞಾನಿ 1890ರ ದಶಕದ ಕೊನೆಯಲ್ಲಿ ಹೊಸ ಬಗೆಯ ವಿದ್ಯುದ್ದೀಪ ರೂಪಿಸಿದ. ಅದರ ಉರಿಯುವ ಕಡ್ಡಿ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿಗೆ ಯಿಟ್ರಿಯಾ ಬೆರೆಸಿ ಮಾಡಿದ್ದು. ತಣ್ಣಗಿದ್ದಾಗ ವಿದ್ಯುತ್ತನ್ನು ಬಿಡದ ಈ ವಸ್ತು ಚೆನ್ನಾಗಿ ಕಾದಾಗ ವಿದ್ಯುತ್ತನ್ನು ಹರಿಯಗೊಡುತ್ತದೆ. ಹರಿಯುವುದು ಲೋಹದ ತಂತಿಯಲ್ಲಿ ಇರುವಂತೆ ಎಲೆಕ್ಟ್ರಾನುಗಳಲ್ಲ, ಆಮ್ಲಜನಕದ ಅಯಾನುಗಳು. ದೀಪ ಮಾರುಕಟ್ಟೆಯಲ್ಲಿ ಬಹುಕಾಲ ನಿಲ್ಲಲಿಲ್ಲ, ವಸ್ತುವಿನ ಗುಣ ಮಾತ್ರ ವಿಜ್ಞಾನಿಗಳ ನೆನಪಿನಲ್ಲಿ ಉಳಿಯಿತು. ನರ್ನ್‌ಸ್ಟ್‌ಗೆ ಬೇರೊಂದು ಸಾಧನೆಗಾಗಿ 1920ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಈ ಗುಣವನ್ನು ಕಾರಿಗೆ ತಂದವರು ಜರ್ಮನಿಯ ಬಾಷ್ ಕಂಪನಿಯವರು. ಕ್ಯಾಲಿಫೋರ್ನಿಯದ ಹೊಗೆಮಂಜು ಅಮೆರಿಕವನ್ನು ಬಿಗಿ ಕಾನೂನಿಗೆ ದೂಡಿತ್ತು. ಕಾನೂನಿನ ಮಿತಿ ಮುಟ್ಟಲು ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಕು. ಅದು ಚೆನ್ನಾಗಿ ಕೆಲಸ ಮಾಡಲು ಗಾಳಿ, ಪೆಟ್ರೋಲುಗಳ ಹದ 14.7ರ ಆಸುಪಾಸಿನಲ್ಲೇ ನಿಲ್ಲಬೇಕು. 1976ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿ ಕ್ಯಾಲಿಫೋರ್ನಿಯಕ್ಕೆ ಕಳಿಸಿದ ಕಾರುಗಳಲ್ಲಿ ಈ ಸೆನ್ಸರ್ ಮೊದಲು ಬಂತು. ಹದದ ಅನುಪಾತವನ್ನು ಸೂಚಿಸುವ ಗ್ರೀಕ್ ಅಕ್ಷರದಿಂದ ಅದಕ್ಕೆ ಲ್ಯಾಂಬ್ಡಾ ಸೆನ್ಸರ್ ಎಂದೂ ಹೆಸರು.

ರಚನೆ ಸರಳ. ದರ್ಜಿಯ ಬೆರಳುಟೋಪಿಯಂಥ ಜಿರ್ಕೋನಿಯಾದ ಪುಟ್ಟ ಬಟ್ಟಲು. ಎರಡೂ ಮೈಗೆ ಪ್ಲಾಟಿನಂ ಲೇಪ. ಹೊರಮೈ ಹೊಗೆಯಲ್ಲಿ, ಒಳಮೈ ಹೊರಗಿನ ಶುದ್ಧ ಗಾಳಿಯಲ್ಲಿ. ಎರಡೂ ಕಡೆಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ವೋಲ್ಟೇಜ್ ಹುಟ್ಟುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ, ಅಂದರೆ ಮಿಶ್ರಣ ತೆಳುವಾಗಿದ್ದರೆ, ಸುಮಾರು 0.1 ವೋಲ್ಟ್. ಉಳಿದಿಲ್ಲದಿದ್ದರೆ, ಅಂದರೆ ದಟ್ಟವಾಗಿದ್ದರೆ, ಸುಮಾರು 0.9 ವೋಲ್ಟ್. ತೆಳು ಎಂದಾಗ ಎಂಜಿನ್‌ನ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ, ದಟ್ಟ ಎಂದಾಗ ಇಳಿಸುತ್ತದೆ. ಹೀಗಾಗಿ ಆರೋಗ್ಯವಂತ ಸೆನ್ಸರಿನ ವೋಲ್ಟೇಜ್ ಒಂದೆಡೆ ನಿಲ್ಲದೆ ಉಯ್ಯಾಲೆಯಂತೆ ತೂಗುತ್ತಲೇ ಇರುತ್ತದೆ.

ಸೀಸ ತಡೆದ ದಾರಿ

ಸ್ವೀಡನ್ನಿನ ಕಾರಿನಿಂದ ಬೀದರ್‌ನ ಕಾರಿಗೆ ಬರಲು ಈ ಸೆನ್ಸರಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಅಡ್ಡ ನಿಂತ ಮುಖ್ಯ ಸಂಗತಿ ಪೆಟ್ರೋಲಿನಲ್ಲಿದ್ದ ಸೀಸ. ಅಮೆರಿಕದ ಥಾಮಸ್ ಮಿಜ್ಲಿ 1921ರಲ್ಲಿ ಎಂಜಿನ್‌ನ ಬಡಿತ ತಗ್ಗಿಸಲು ಸೀಸದ ಸಂಯುಕ್ತವೊಂದು ಉಪಯುಕ್ತವೆಂದು ಕಂಡುಕೊಂಡ. ಅದು ಲೋಕದ ಪೆಟ್ರೋಲನ್ನೆಲ್ಲ ಆವರಿಸಿತು. ಮಕ್ಕಳ ಮೆದುಳಿಗೆ ಹಾನಿ ಮಾಡುವ ಈ ಸೀಸ ಪ್ಲಾಟಿನಂ ಲೇಪವನ್ನೂ ಮುಚ್ಚಿಬಿಡುತ್ತದೆ. ಕನ್ವರ್ಟರೂ ಸೆನ್ಸರೂ ಅದರೆದುರು ಉಳಿಯವು.

ಭಾರತದಲ್ಲಿ ಪೆಟ್ರೋಲ್ ವಾಹನಗಳ ಹೊಗೆಗೆ ತಯಾರಿಕೆಯ ಹಂತದಲ್ಲೇ ಮಿತಿ ಹಾಕಿದ್ದು 1991ರಲ್ಲಿ. ಸುಪ್ರೀಂ ಕೋರ್ಟಿನಲ್ಲಿ ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯ ಒತ್ತಡವೂ ಸೇರಿ 1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಸೀಸರಹಿತ ಪೆಟ್ರೋಲ್ ಬಂತು. ಅಲ್ಲಿನ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಆದರೆ ಆ ನಾಲ್ಕು ನಗರಗಳ ಕಾರೊಂದು ಕೈಬದಲಾಗಿ ದೂರದ ಜಿಲ್ಲೆಗೆ ಬಂದು ಸೀಸದ ಪೆಟ್ರೋಲ್ ಕುಡಿದರೆ ಅದರ ಕನ್ವರ್ಟರಿನ ಆಯುಸ್ಸು ಮುಗಿದಂತೆ. 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಮಾತ್ರ ಮಾರಬೇಕೆಂದಾಯಿತು. ಔರಾದ್‌ನಂಥ ರಾಜ್ಯದ ಉತ್ತರದ ತುದಿಯ ತಾಲ್ಲೂಕಿನಲ್ಲೂ ಸೆನ್ಸರ್ ಬದುಕಬಲ್ಲ ಕಾಲ ಬಂದದ್ದು ಆಮೇಲೆ. ಬಿ.ಎಸ್. 4 ಮಾನದಂಡ 2017ರ ಏಪ್ರಿಲ್‌ನಲ್ಲಿ, ಬಿ.ಎಸ್. 6 ಮಾನದಂಡ 2020ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ಅನ್ವಯವಾದವು. 2020ರ ನಂತರ ಮಾರಾಟವಾದ ಬೈಕು, ಸ್ಕೂಟರುಗಳಲ್ಲಿ ಬಹುತೇಕ ಎಲ್ಲದರಲ್ಲೂ ಈ ಸೆನ್ಸರ್ ಇದೆ.

ಪರೀಕ್ಷೆಯ ಕ್ರಮ

ಈಗ ಹಳದಿ ದೀಪಕ್ಕೆ ಬರೋಣ. ಯಂತ್ರ ತೋರಿಸುವ ಸಂಖ್ಯೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ‘ಪಿ 0135’ರಂಥವು ಸೆನ್ಸರಿನ ಒಳಗಿನ ಹೀಟರ್ ಅಥವಾ ಅದರ ವೈರಿನ ಬಗ್ಗೆ ಹೇಳುತ್ತವೆ. ‘ಪಿ 0171’ ಮಿಶ್ರಣ ತೆಳು ಎನ್ನುತ್ತದೆ, ‘ಪಿ 0172’ ದಟ್ಟ ಎನ್ನುತ್ತದೆ. ಎರಡನೆಯ ಜಾತಿಯವು ಸೆನ್ಸರಿನ ಮೇಲಿನ ದೂರಲ್ಲ, ಸೆನ್ಸರ್ ಕೊಟ್ಟ ದೂರು. ಇವನ್ನು ಓದಿ ಸೆನ್ಸರ್ ಬದಲಿಸುವುದೆಂದರೆ ಬಾವಿಯಲ್ಲಿ ದೀಪ ಆರಿತೆಂದು ಹೊಸ ದೀಪ ಕೊಳ್ಳುವುದು. ತೀರ ಹಳೆಯ ಕಾರುಗಳಿಗೆ ಸಾಮಾನ್ಯ ಯಂತ್ರ ಹೊಂದದಿರಬಹುದು. ಆಗ ತಯಾರಕರ ಯಂತ್ರ ಬೇಕು, ಇಲ್ಲವೇ ಕೆಲವು ಮಾದರಿಗಳಲ್ಲಿ ಹಳದಿ ದೀಪದ ಮಿಣುಕುಗಳನ್ನು ಎಣಿಸಿ ಸಂಖ್ಯೆ ತಿಳಿಯಬೇಕು.

ಮೊದಲ ಹೆಜ್ಜೆ ಕಣ್ಣಿನದು. ಸೈಲೆನ್ಸರ್ ಕೊಳವೆಯ ಬಳಿ ವೈರ್ ಸುಟ್ಟಿದೆಯೇ, ಇಲಿ ಕಡಿದಿದೆಯೇ, ಕನೆಕ್ಟರಿಗೆ ಕಿಲುಬು ಹಿಡಿದಿದೆಯೇ ನೋಡಬೇಕು. ಸೆನ್ಸರಿಗಿಂತ ಮುಂಚಿನ ಕೊಳವೆಯಲ್ಲಿ ಬಿರುಕಿದ್ದರೆ ಹೊರಗಾಳಿ ಒಳಗೆಳೆದು ಸೆನ್ಸರ್ ‘ತೆಳು’ ಎನ್ನುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ. ಒಂದು ಪ್ಲಗ್ ಕಿಡಿ ಕೊಡದಿದ್ದರೂ ಹೀಗೇ. ಉರಿಯದ ಪೆಟ್ರೋಲಿನ ಜತೆ ಉರಿಯದ ಆಮ್ಲಜನಕವೂ ಹೊರಬರುತ್ತದೆ. ಈ ನಾಲಗೆಗೆ ತಿಳಿಯುವ ರುಚಿ ಆಮ್ಲಜನಕದ್ದು ಮಾತ್ರ, ಪೆಟ್ರೋಲಿನದಲ್ಲ. ಹೀಗಾಗಿ ಪೆಟ್ರೋಲ್ ವಾಸನೆ ಹೊಡೆಯುವ ಗಾಡಿಯ ಸೆನ್ಸರೂ ‘ತೆಳು’ ಎನ್ನಬಹುದು. ಅದು ಸುಳ್ಳಲ್ಲ, ಅದಕ್ಕೆ ಗೊತ್ತಿರುವುದೇ ಅಷ್ಟು.

ಎರಡನೆಯದು ಬಿಸಿ. ಜಿರ್ಕೋನಿಯಾ 300 ಡಿಗ್ರಿ ಸೆಲ್ಸಿಯಸ್ ದಾಟದೆ ಮಾತನಾಡುವುದಿಲ್ಲ. ಅದಕ್ಕಾಗಿಯೇ ಒಳಗೆ ಹೀಟರ್ ಇದೆ. ನಾಲ್ಕು ವೈರಿನ ಸೆನ್ಸರುಗಳಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದ ಎರಡು ವೈರುಗಳು ಹೀಟರಿನವು. ಎಂಜಿನ್ ತಣ್ಣಗಿದ್ದಾಗ ಕನೆಕ್ಟರ್ ಬಿಚ್ಚಿ ಆ ಎರಡರ ನಡುವೆ ಮೀಟರ್ ಹಿಡಿದರೆ ಹೆಚ್ಚಿನವುಗಳಲ್ಲಿ ಕೆಲವೇ ಓಮ್‌ಗಳಷ್ಟು ರೋಧ ಕಾಣಬೇಕು. ಮೀಟರ್ ಏನೂ ತೋರಿಸದಿದ್ದರೆ ಹೀಟರ್ ತಂತಿ ಕಡಿದಿದೆ. ಆಗ ಸೆನ್ಸರ್ ಬದಲಿಸುವುದು ನ್ಯಾಯ. ರೋಧ ಸರಿಯಿದ್ದರೆ ಫ್ಯೂಸ್ ನೋಡಬೇಕು. ಅದರ ಬೆಲೆ ಕೆಲವೇ ರೂಪಾಯಿ.

ಮೂರನೆಯದು ಉಯ್ಯಾಲೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಮಿಷಕ್ಕೆ 2,500 ಸುತ್ತಿನಲ್ಲಿ ಹಿಡಿದು ಸಿಗ್ನಲ್ ವೈರಿನ ವೋಲ್ಟೇಜ್ ನೋಡಬೇಕು. ಇದಕ್ಕೆ ಡಿಜಿಟಲ್ ಮೀಟರ್ ಬೇಕು. ಬಲ್ಬಿನ ಟೆಸ್ಟರ್ ಹಿಡಿದರೆ ಈ ಸೂಕ್ಷ್ಮ ಸಂಕೇತ ಅದರಲ್ಲೇ ಕರಗಿಹೋಗುತ್ತದೆ. 0.1 ಮತ್ತು 0.9ರ ನಡುವೆ ಹತ್ತು ಸೆಕೆಂಡಿನಲ್ಲಿ ಹಲವು ಸಲ ತೂಗಿದರೆ ಸೆನ್ಸರ್ ಜೀವಂತ. ಸೋಮಾರಿಯಂತೆ ನಿಧಾನ ತೂಗಿದರೆ ಮುಪ್ಪು ಬಂದಿದೆ. ಕನ್ವರ್ಟರಿನ ಹಿಂದೆ ಎರಡನೆಯ ಸೆನ್ಸರ್ ಇರುವ ಕಾರುಗಳಲ್ಲಿ ಇದು ತಿರುಗುಮುರುಗು: ಅದು ಹೆಚ್ಚು ಅಲುಗಾಡದೆ ನಿಂತಿರುವುದೇ ಆರೋಗ್ಯದ ಲಕ್ಷಣ. ಹೊಸ ತಲೆಮಾರಿನ ಕೆಲವು ಕಾರುಗಳ ಸೆನ್ಸರುಗಳಿಗೆ ಈ ವೋಲ್ಟೇಜಿನ ಲೆಕ್ಕ ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳಬೇಕು.

ಒಂದೇ ಕಡೆ ನಿಂತಿದ್ದರೆ ನಾಲ್ಕನೆಯ ಪರೀಕ್ಷೆ, ಕೆಣಕುವುದು. ಆಕ್ಸಲರೇಟರನ್ನು ಥಟ್ಟನೆ ಒತ್ತಿದಾಗ ಮಿಶ್ರಣ ಒಂದು ಕ್ಷಣ ದಟ್ಟವಾಗುತ್ತದೆ, ಬಿಟ್ಟಾಗ ತೆಳುವಾಗುತ್ತದೆ. ವೋಲ್ಟೇಜ್ 0.8 ದಾಟಿ ಏರಿ, 0.2ಕ್ಕಿಂತ ಕೆಳಗೆ ಇಳಿದರೆ ಸೆನ್ಸರ್ ನಿರ್ದೋಷಿ. ಹಾಗಾದರೆ ಕಾರಣ ಬೇರೆಡೆ ಹುಡುಕಬೇಕು: ಬಿರುಕುಬಿಟ್ಟ ರಬ್ಬರ್ ಕೊಳವೆ, ಕಟ್ಟಿದ ಇಂಜೆಕ್ಟರ್, ಸೋತ ಪೆಟ್ರೋಲ್ ಪಂಪು. ಏನು ಮಾಡಿದರೂ ಅಲುಗಾಡದಿದ್ದರೆ ಆಗ ಮಾತ್ರ ಸೆನ್ಸರ್ ಸತ್ತಿದೆ. ಈ ಪರೀಕ್ಷೆಗಳನ್ನು ಬಯಲಿನಲ್ಲೇ ಮಾಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಓಡುವ ಎಂಜಿನ್ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಸತ್ತ ಸೆನ್ಸರನ್ನು ಬಿಚ್ಚಿದ ಮೇಲೂ ಎಸೆಯುವ ಮೊದಲು ತುದಿ ನೋಡಬೇಕು. ಕಪ್ಪು ಮಸಿ ಇದ್ದರೆ ದಟ್ಟ ಮಿಶ್ರಣ. ಬಿಳಿಯ ಪುಡಿ ಇದ್ದರೆ ಗ್ಯಾಸ್ಕೆಟ್ ಅಂಟಿನ ಸಿಲಿಕೋನ್ ಅಥವಾ ಒಳಸೋರಿದ ಕೂಲೆಂಟ್ ಇರಬಹುದು. ಕಂದು, ಬೂದಿ ಬಣ್ಣದ ಪದರವಿದ್ದರೆ ಆಯಿಲ್ ಉರಿಯುತ್ತಿದೆ. ಕೊಂದ ಕಾರಣವನ್ನು ಸರಿಪಡಿಸದೆ ಹೊಸದನ್ನು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಪ್ಲಗ್ಗಿನ ಬಣ್ಣ ಓದುತ್ತಿದ್ದ ಹಳೆಯ ವಿದ್ಯೆ ಕಂಪ್ಯೂಟರ್ ಕಾಲದಲ್ಲೂ ಹೀಗೆ ಕೆಲಸಕ್ಕೆ ಬರುತ್ತದೆ. ಆಯುಸ್ಸು ತೀರಿ ಸಾಯುವುದೂ ಉಂಟು: ಹೀಟರ್ ಇರುವ ಸೆನ್ಸರುಗಳು ಸಾಮಾನ್ಯವಾಗಿ ಒಂದು ಲಕ್ಷ ಕಿಲೋಮೀಟರಿನ ಆಚೆಗೆ ಮುಪ್ಪಾಗುತ್ತವೆ.

ಕಬ್ಬಿನಿಂದ ಬಂದ ಹೊಸ ಪ್ರಶ್ನೆ

ಇಷ್ಟರಲ್ಲಿ ಹದದ ಲೆಕ್ಕವೇ ಬದಲಾಗಿದೆ. 2025ರಲ್ಲಿ ದೇಶ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿ ಮುಟ್ಟಿತು. ಎಥೆನಾಲಿನ ಒಂದು ದೊಡ್ಡ ಮೂಲ ಕಬ್ಬು. ಭಾಲ್ಕಿಯೂ ಸೇರಿದಂತೆ ಬೀದರ್ ಜಿಲ್ಲೆಯ ರೈತರಿಗೆ ಚಿರಪರಿಚಿತ ಬೆಳೆ. ಎಥೆನಾಲಿನೊಳಗೇ ಆಮ್ಲಜನಕ ಇರುವುದರಿಂದ ಈ ಮಿಶ್ರಣಕ್ಕೆ ಗಾಳಿ ಕಡಿಮೆ ಸಾಕು: 14.7ರ ಬದಲು ಸುಮಾರು 13.5. ಕಾರ್ಬ್ಯುರೇಟರಿನ ಹಳೆಯ ಬೈಕಿಗೆ ಇದು ತಿಳಿಯದು, ಅದು ತೆಳುವಾಗಿಯೇ ಉರಿಸುತ್ತದೆ. ಸೆನ್ಸರ್ ಇರುವ ಗಾಡಿ ರುಚಿ ಕಂಡು ಇಂಧನವನ್ನು ತಾನೇ ಹೆಚ್ಚಿಸುತ್ತದೆ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಈ ಹೆಚ್ಚಳ ಶೇ 8ರ ಆಸುಪಾಸು. ಯಂತ್ರದಲ್ಲಿ ಅಷ್ಟು ಹೆಚ್ಚಳ ಕಂಡ ಮಾತ್ರಕ್ಕೆ ರೋಗ ಎನ್ನಬೇಕಿಲ್ಲ. ಆದರೆ ಮೊದಲೇ ಸಣ್ಣ ಸೋರಿಕೆ ಇದ್ದ ಹಳೆಯ ಕಾರಿನಲ್ಲಿ ಎರಡೂ ಸೇರಿ ಮಿತಿ ದಾಟಿ ಹಳದಿ ದೀಪ ಹೊತ್ತಬಹುದು. ದೂಷಣೆ ಬೀಳುವುದು ಮತ್ತೆ ಸೆನ್ಸರಿನ ಮೇಲೆಯೇ.

2020ರಲ್ಲಿ ಕೊಂಡ ಬೈಕುಗಳು ಈಗ ಹಳತಾಗುತ್ತಿವೆ. ನಾಳೆ ಔರಾದ್‌ನ ಹಳ್ಳಿಯ ರೈತನೊಬ್ಬನ ಬೈಕಿನಲ್ಲಿ ಇದೇ ದೀಪ ಹೊತ್ತಿಕೊಂಡಾಗ ಹತ್ತಿರದ ಗ್ಯಾರೇಜಿನಲ್ಲಿ ಸಂಖ್ಯೆ ಓದುವ ಯಂತ್ರ ಇದ್ದೇ ಇರುತ್ತದೆ, ಅದೀಗ ದುಬಾರಿಯೂ ಅಲ್ಲ. ಬೇಕಾದದ್ದು ಸಂಖ್ಯೆ ಕಂಡ ಮೇಲೆ ಅರ್ಧ ಗಂಟೆ ಮೀಟರ್ ಹಿಡಿದು ಕೂರುವ ತಾಳ್ಮೆ, ಆ ಅರ್ಧ ಗಂಟೆಗೆ ಕೂಲಿ ಕೊಡಲು ಒಪ್ಪುವ ಗಿರಾಕಿ. ಬಿಡಿಭಾಗ ಬದಲಿಸಿದ್ದಕ್ಕೆ ದುಡ್ಡು ಕೊಡುವ ನಾವು ಪರೀಕ್ಷೆ ಮಾಡಿದ್ದಕ್ಕೆ ಕೊಡಲು ಹಿಂಜರಿಯುತ್ತೇವೆ. ಹೀಗಾಗಿ ಮಿಸ್ತ್ರಿಯೂ ಪರೀಕ್ಷಿಸುವುದನ್ನು ಬಿಟ್ಟು ಬದಲಿಸುವುದನ್ನೇ ಹಿಡಿಯುತ್ತಾನೆ. ‘ಸೆನ್ಸರ್ ಹೋಗಿದೆ’ ಎಂಬ ಮಾತು ಕೇಳಿದಾಗ ಗಿರಾಕಿ ಕೇಳಬೇಕಾದ ಪ್ರಶ್ನೆ ಒಂದೇ: ‘ವೋಲ್ಟೇಜ್ ನೋಡಿದಿರಾ?’